ಮೀಟರ್ ನೋಡಬೇಕಾ, ಸರ್ವಿಸ್ ಬಿಲ್ ನೋಡಬೇಕಾ? ಕೋಲಾರದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಆರಿಸುವ ಬಗೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಓಡಿದೆ? ಎಷ್ಟು ಮೈಲೇಜ್ ಕೊಡುತ್ತದೆ? ಮಾರುವವರಿಗೂ ಇದು ಗೊತ್ತು. ಅದಕ್ಕೇ ಈ ಎರಡಕ್ಕೂ ಉತ್ತರ ರೆಡಿ ಇಟ್ಟುಕೊಂಡಿರುತ್ತಾರೆ. ಆದರೆ ಆ ಎರಡು ಅಂಕಿಗಿಂತ, ಗಾಡಿಯನ್ನು ಇಷ್ಟು ವರ್ಷ ಹೇಗೆ ನೋಡಿಕೊಂಡಿದ್ದಾರೆ ಅನ್ನುವುದೇ ನಿಮ್ಮ ಜೇಬಿಗೆ ಜಾಸ್ತಿ ಮುಖ್ಯ. ನಮ್ಮ ಕೋಲಾರದ ಬೋರ್‌ವೆಲ್ ನೀರು, ಧೂಳು, ಹೆದ್ದಾರಿ ಇವುಗಳ ನಡುವೆ ಓಡಿದ ಗಾಡಿಗಂತೂ ಈ ಮಾತು ಇನ್ನೂ ನಿಜ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ನಿಮ್ಮ ಕೈಯಲ್ಲಿ ನಾಲ್ಕು ಲಕ್ಷದ ಆಸುಪಾಸು ದುಡ್ಡಿದೆ, ಎದುರಿಗೆ ಮೂರು ಗಾಡಿ ಇವೆ ಅಂದುಕೊಳ್ಳಿ. ಒಂದು, 2017ರ ವ್ಯಾಗನ್‌ಆರ್ ಪೆಟ್ರೋಲ್. ಮೀಟರ್‌ನಲ್ಲಿ 38,000 ಕಿ.ಮೀ, ಎರಡನೇ ಓನರ್, ಸರ್ವಿಸ್ ಬಿಲ್ ಒಂದೂ ಇಲ್ಲ. ಎರಡು, ಅದೇ ವರ್ಷದ ಡಿಸೈರ್ ಡೀಸೆಲ್. 1,30,000 ಕಿ.ಮೀ ಓಡಿದೆ, ಒಬ್ಬರೇ ಓನರ್, ಕೋಲಾರದಿಂದ ಬೆಂಗಳೂರಿಗೆ ಹೋಗಿಬರುತ್ತಿದ್ದ ಗಾಡಿ, ಬಿಲ್ಲುಗಳೆಲ್ಲ ಫೈಲಿನಲ್ಲಿವೆ. ಮೂರು, ತಮಿಳುನಾಡು ರಿಜಿಸ್ಟ್ರೇಷನ್ನಿನ ಒಂದು ಪೆಟ್ರೋಲ್ ಕಾರು. ಬೆಲೆ ಉಳಿದೆರಡಕ್ಕಿಂತ ಕಡಿಮೆ, ನೋಡಲು ಹೊಸದರ ಹಾಗೆ ಹೊಳೆಯುತ್ತಿದೆ. ಹೆಚ್ಚಿನವರ ಕಣ್ಣು ಒಂದನೆಯದರ ಮೇಲೆ ಅಥವಾ ಮೂರನೆಯದರ ಮೇಲೆ ಬೀಳುತ್ತದೆ. ನಾನು ಮೊದಲು ಎರಡನೆಯದರ ಬಾನೆಟ್ ತೆಗೆಸುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಿಂಗಳಿಗೆ ಎಷ್ಟು ಓಡಿಸುತ್ತೀರಿ?

ಪೆಟ್ರೋಲಾ ಡೀಸೆಲ್ಲಾ ಅನ್ನುವ ಪ್ರಶ್ನೆಗೆ ಉತ್ತರ ಕಾರಿನಲ್ಲಿಲ್ಲ, ನಿಮ್ಮ ಓಡಾಟದಲ್ಲಿದೆ. ಲೆಕ್ಕಕ್ಕೆ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಗಾಡಿ ರಸ್ತೆಯಲ್ಲಿ ನಿಜವಾಗಿ ಕೊಡುವುದು 17, ಡೀಸೆಲ್ ಗಾಡಿ ಕೊಡುವುದು 21 ಅಂದುಕೊಳ್ಳೋಣ.

ತಿಂಗಳಿಗೆ 500 ಕಿ.ಮೀ ಓಡಿಸುವವರಿಗೆ ಪೆಟ್ರೋಲ್ ಖರ್ಚು ಸುಮಾರು 3,030 ರೂಪಾಯಿ, ಡೀಸೆಲ್ ಖರ್ಚು 2,170. ಉಳಿಯುವುದು 860 ರೂಪಾಯಿ. ಬಂಗಾರಪೇಟೆಯಿಂದ ಕೋಲಾರಕ್ಕೆ ದಿನಾ ಕೆಲಸಕ್ಕೆ ಹೋಗಿಬರುವವರಿಗೆ ತಿಂಗಳಿಗೆ 800 ಕಿ.ಮೀ ಆಗಬಹುದು. ಅವರಿಗೆ 1,400 ರೂಪಾಯಿ ಹತ್ತಿರ ಉಳಿಯುತ್ತದೆ. 1,500 ಕಿ.ಮೀ ಆದರೆ 2,600 ರೂಪಾಯಿ. ಕೋಲಾರದಿಂದ ಬೆಂಗಳೂರಿಗೆ ದಿನಾ ಹೋಗಿಬರುವವರು ತಿಂಗಳಿಗೆ 3,000 ಕಿ.ಮೀ ದಾಟುತ್ತಾರೆ. ಅವರಿಗೆ ಉಳಿತಾಯ 5,000 ರೂಪಾಯಿಗೂ ಮೇಲೆ.

ಈಗ ಇನ್ನೊಂದು ಕಡೆ ನೋಡಿ. ಹಳೆ ಡೀಸೆಲ್ ಗಾಡಿಯ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋದರೆ ಹೊಸದಕ್ಕೆ, ಒಂದೊಂದಕ್ಕೇ, ಹತ್ತು ಸಾವಿರ ದಾಟಬಹುದು. ನಾಲ್ಕು ಸಿಲಿಂಡರ್ ಅಂದರೆ ನಾಲ್ಕು ಇಂಜೆಕ್ಟರ್. ಟರ್ಬೋ ಕೆಟ್ಟರೆ ಅದರ ಖರ್ಚು ಬೇರೆ. ತಿಂಗಳಿಗೆ 860 ರೂಪಾಯಿ ಉಳಿಸುವವರ ಕೆಲವು ವರ್ಷಗಳ ಉಳಿತಾಯ ಒಂದೇ ರಿಪೇರಿಯಲ್ಲಿ ಕರಗಿ ಹೋಗುತ್ತದೆ. ಹಾಗಾಗಿ ತಿಂಗಳಿಗೆ 800 ಕಿ.ಮೀಗಿಂತ ಕಡಿಮೆ ಓಡಿಸುವವರು ಸುಮ್ನೆ ಮೈಲೇಜ್ ಆಸೆಗೆ ಡೀಸೆಲ್ ತಗೊಳ್ಳುವುದು ಬೇಡ. 1,500 ದಾಟುವವರು ಚೆನ್ನಾಗಿ ನೋಡಿಕೊಂಡ ಡೀಸೆಲ್ ಸಿಕ್ಕರೆ ಬಿಡಬಾರದು. ನಡುವಿನವರು ಯಾವ ಗಾಡಿಯ ಕಂಡೀಷನ್ ಚೆನ್ನಾಗಿದೆಯೋ ಅದನ್ನೇ ತಗೊಳ್ಳಲಿ, ಎಣ್ಣೆ ಯಾವುದು ಅನ್ನುವುದು ಆಮೇಲಿನ ಮಾತು.

ಡೀಸೆಲ್‌ನಲ್ಲಿ ಇನ್ನೊಂದು ವಿಷಯವಿದೆ. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಆಮೇಲಿನ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನ್‌ನಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು. ಬರೀ ಊರೊಳಗೆ, ಸ್ಕೂಲು ಮಾರ್ಕೆಟ್ಟು ಅಂತ ಓಡಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಅಂಥ ಗಾಡಿ ಕಡಿಮೆ ಓಡಿದೆ ಅನ್ನುವುದು ಅದರ ಗುಣವಲ್ಲ, ಅದೇ ಅದರ ತೊಂದರೆ.

ಸಿಎನ್‌ಜಿ ಗಾಡಿ ನೋಡುವವರು ಮೂರು ವಿಷಯ ಕೇಳಿ. ಆರ್‌ಸಿಯಲ್ಲಿ ಸಿಎನ್‌ಜಿ ಅಂತ ನಮೂದಾಗಿದೆಯಾ? ಮೂರು ವರ್ಷಕ್ಕೊಮ್ಮೆ ಆಗಬೇಕಾದ ಸಿಲಿಂಡರ್ ಟೆಸ್ಟ್ ಆಗಿದೆಯಾ? ನಿಮ್ಮ ದಿನದ ದಾರಿಯಲ್ಲಿ ಪಂಪ್ ಇದೆಯಾ? ಮೂರಕ್ಕೂ ಹೌದು ಅಂದರೆ ಮಾತ್ರ ಮುಂದಿನ ಮಾತು.

ಮೈಲೇಜ್ ಅಂಕಿ ಎಷ್ಟು ನಂಬಬಹುದು?

2017ರಲ್ಲಿ ಬಂದ ಡಿಸೈರ್ ಡೀಸೆಲ್‌ಗೆ ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿ 28.4. ಆಗಿನ ವ್ಯಾಗನ್‌ಆರ್ ಪೆಟ್ರೋಲ್‌ಗೆ 20.51. ಇದು ಲ್ಯಾಬಿನಲ್ಲಿ ರೋಲರ್ ಮೇಲೆ, ಏಸಿ ಹಾಕದೆ ಅಳೆದ ಲೆಕ್ಕ. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿ.ಮೀ ದಾಟುವುದಿಲ್ಲ. ನಾವು ಓಡಿಸುವುದು ಹಾಗಲ್ಲ ಅಲ್ವಾ? ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಎಕ್ಸ್‌ಪ್ರೆಸ್‌ವೇಯಲ್ಲಿ 110, 120ರಲ್ಲಿ ಹೋದರೆ ಸಣ್ಣ ಕಾರಿನ ಮೈಲೇಜ್ ಚೆನ್ನಾಗಿಯೇ ಇಳಿಯುತ್ತದೆ. ಅದೇ ಕಾರು ಮುಳಬಾಗಿಲು ರಸ್ತೆಯಲ್ಲಿ 80ರಲ್ಲಿ ಹೋದರೆ ಲೀಟರಿಗೆ ಮೂರು ನಾಲ್ಕು ಕಿ.ಮೀ ಜಾಸ್ತಿ ಕೊಡಬಹುದು.

ಪೆಟ್ರೋಲ್ ಗಾಡಿಯ ಹಳೆ ಓನರ್ "ನನಗೆ ಇಪ್ಪತ್ತು ಬರ್ತಿತ್ತು" ಅಂದರೆ, ಯಾವ ವರ್ಷದ ಮಾತು ಅಂತ ಕೇಳಿ. ಈಗ ಪಂಪ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲಿ ಶಕ್ತಿ ಕಡಿಮೆ. ಪೆಟ್ರೋಲ್‌ಗೇ ಮಾಡಿ, ಶೇ 10ರ ಎಥನಾಲ್‌ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಅಂದರೆ ಅವರು ಸುಳ್ಳು ಹೇಳದೆಯೂ ನಿಮಗೆ ಆ ಇಪ್ಪತ್ತು ಬಾರದೇ ಇರಬಹುದು. 2023ಕ್ಕಿಂತ ಹಳೆಯ ಪೆಟ್ರೋಲ್ ಗಾಡಿಯಾದರೆ ಇಂಧನ ಹೋಗುವ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯಾ, ಪೆಟ್ರೋಲ್ ವಾಸನೆ ಬರುತ್ತಿದೆಯಾ ಅಂತಲೂ ನೋಡಿಸಿ.

ಲೀಟರಿಗೆ ಇಷ್ಟು ಅನ್ನುವ ಲೆಕ್ಕವೇ ಸ್ವಲ್ಪ ದಾರಿ ತಪ್ಪಿಸುತ್ತದೆ. 20 ಕೊಡುವ ಗಾಡಿ ಬಿಟ್ಟು 25 ಕೊಡುವ ಗಾಡಿ ತಗೊಂಡರೆ 100 ಕಿ.ಮೀಗೆ ಉಳಿಯುವುದು ಒಂದು ಲೀಟರ್. 12 ಕೊಡುವುದನ್ನು ಬಿಟ್ಟು 15 ಕೊಡುವುದನ್ನು ತಗೊಂಡರೆ ಉಳಿಯುವುದು ಒಂದೂ ಮುಕ್ಕಾಲು ಲೀಟರ್ ಹತ್ತಿರ. ಅಂತರ 5ರಿಂದ 3ಕ್ಕೆ ಇಳಿಯಿತು, ಆದರೂ ಉಳಿತಾಯ ಏರಿತು. ಸಣ್ಣ ಕಾರುಗಳ ನಡುವೆ 18ಕ್ಕೂ 20ಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಎಸ್‌ಯುವಿ ನೋಡುತ್ತಿದ್ದರೆ 10ಕ್ಕೂ 13ಕ್ಕೂ ಖಂಡಿತ ತಲೆ ಕೆಡಿಸಿಕೊಳ್ಳಿ.

ಕೊಳ್ಳುವ ಮೊದಲು ಮೈಲೇಜ್ ಪರೀಕ್ಷೆ ಮಾಡಬಹುದಾ? ಕೋಲಾರದಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಮುಳಬಾಗಿಲಿಗೆ ಹೋಗಿಬಂದು ಮತ್ತೆ ಫುಲ್ ಮಾಡಿಸುವವರಿದ್ದಾರೆ. ಹೋಗಿಬರಲು ಸುಮಾರು 60 ಕಿ.ಮೀ. 18 ಕೊಡುವ ಗಾಡಿ ಅಷ್ಟಕ್ಕೆ ಕುಡಿಯುವುದು ಮೂರೂ ಕಾಲು ಲೀಟರ್ ಚಿಲ್ಲರೆ. ಪಂಪ್‌ನಲ್ಲಿ ತುಂಬಿಸುವಾಗ ಅರ್ಧ ಲೀಟರ್ ಹೆಚ್ಚು ಕಡಿಮೆ ಆದರೂ ಉತ್ತರ 15 ಬರಬಹುದು, 21 ಬರಬಹುದು. ಇದರಿಂದ ಏನೂ ಗೊತ್ತಾಗುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಸರಾಸರಿಯನ್ನೂ ಹಿಂದಿನ ದಿನ ರೀಸೆಟ್ ಮಾಡಿ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದರೆ ಸಾಕು, ಬೇಕಾದ ಅಂಕಿ ಬರುತ್ತದೆ.

ಅದಕ್ಕಿಂತ ಮೈಲೇಜ್ ಕೆಡಿಸುವ ಕಾರಣಗಳನ್ನು ಹುಡುಕುವುದು ಸುಲಭ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಒಬ್ಬರು ತಳ್ಳಿದರೆ ಗಾಡಿ ಸಲೀಸಾಗಿ ಉರುಳಬೇಕು. ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಎಡ ಬಲದಲ್ಲಿ ಒಂದು ಕಡೆ ಮಾತ್ರ ಕಾವು ಹೆಚ್ಚು ಅಂದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಅಂತರಗಂಗೆ ರಸ್ತೆಯ ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಮುಗಿದಿದೆ. ಏರ್ ಫಿಲ್ಟರ್ ತೆಗೆಸಿ ನೋಡಿ. ಕ್ವಾರಿ, ಕ್ರಷರ್ ಇರುವ ಕಡೆ ಓಡಿದ ಗಾಡಿಯಲ್ಲಿ ಬಿಳಿ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಫಿಲ್ಟರ್ ದಾಟಿ ಆಚೆ ಕಡೆಯ ಪೈಪಿನೊಳಗೂ ಧೂಳಿದ್ದರೆ ಅದು ಇಂಜಿನ್ ಒಳಗೂ ಹೋಗಿದೆ ಅಂತ ಅರ್ಥ. ಅಂಥ ಗಾಡಿ ಬಿಟ್ಟುಬಿಡಿ.

ಮೀಟರ್ ಹೇಳುವುದು ನಿಜವಾ?

ಡಿಜಿಟಲ್ ಮೀಟರ್ ತಿರುಗಿಸುವುದು ಕಷ್ಟದ ಕೆಲಸವಲ್ಲ. ಹಾಗಂತ ಪ್ರತಿ ಮೀಟರೂ ಸುಳ್ಳಲ್ಲ. ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಕಿ.ಮೀ ಮನೆ ಬಳಕೆಯ ಕಾರಿಗೆ ಮಾಮೂಲು. 2017ರ ಗಾಡಿ 38,000 ಮಾತ್ರ ಓಡಿರಲೂ ಸಾಧ್ಯ. ಆದರೆ ಅದಕ್ಕೆ ಸಾಕ್ಷಿ ಬೇಕು.

ಒಳ್ಳೆಯ ಸಾಕ್ಷಿ ಸರ್ವಿಸ್ ಇತಿಹಾಸ. ಓನರನ್ನು ಜೊತೆಗೆ ಕರೆದುಕೊಂಡು ಆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ, ಗಾಡಿ ನಂಬರ್ ಹೇಳಿ, ಯಾವ ತಾರೀಕಿಗೆ ಎಷ್ಟು ಕಿ.ಮೀನಲ್ಲಿ ಸರ್ವಿಸ್ ಆಗಿದೆ ಅಂತ ಕೇಳಿ. 2021ರಲ್ಲಿ 62,000 ಅಂತ ದಾಖಲಾಗಿ ಇವತ್ತು ಮೀಟರ್ 45,000 ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಓನರ್ ಜೊತೆಗೆ ಬರಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಕೆಲವರು ವಾರಂಟಿ ಮುಗಿದ ಮೇಲೆ ಹೊರಗಿನ ಗ್ಯಾರೇಜ್‌ನಲ್ಲಿ ಮಾಡಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಮ್ಮ ಕಡೆ ಒಳ್ಳೊಳ್ಳೆ ಮೆಕ್ಯಾನಿಕ್‌ಗಳಿದ್ದಾರೆ. ಹಾಗಿದ್ದರೆ ಆ ಮೆಕ್ಯಾನಿಕ್ಕನ್ನೇ ಹೋಗಿ ಕೇಳಿ. "ಅಣ್ಣ, ಈ ಗಾಡಿ ನಿಮ್ಮ ಹತ್ರಾನೇ ಬರ್ತಿತ್ತಾ?" ಅಂತ ಕೇಳಿದರೆ ಅವರ ಮುಖ ನೋಡಿಯೇ ಅರ್ಧ ಗೊತ್ತಾಗುತ್ತದೆ.

ಆಮೇಲೆ ಗಾಡಿಯನ್ನೇ ಕೇಳಬೇಕು. ಡ್ರೈವರ್ ಸೀಟಿನ ಅಂಚು ಕುಸಿದಿದೆಯಾ, ಸ್ಟೇರಿಂಗ್ ನುಣ್ಣಗಾಗಿದೆಯಾ, ಪೆಡಲ್ ರಬ್ಬರ್ ಸವೆದಿದೆಯಾ ನೋಡಿ. ಹಳೆ ಗಾಡಿಯಲ್ಲಿ ಪೆಡಲ್ ರಬ್ಬರ್ ಮಾತ್ರ ಹೊಸದಾಗಿದ್ದರೆ ಯಾಕೆ ಅಂತ ಕೇಳಿ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟಯರ್. 30,000 ಕಿ.ಮೀ ಮಾತ್ರ ಓಡಿದೆ ಅನ್ನುವ ಗಾಡಿಗೆ ಎರಡು ಸಲ ಟಯರ್ ಬದಲಾಗಿದ್ದರೆ ಲೆಕ್ಕ ಕೂಡುವುದಿಲ್ಲ. ಆದರೆ ನಿಂತೇ ಇದ್ದ ಗಾಡಿಯ ಟಯರ್ ಐದಾರು ವರ್ಷಕ್ಕೆ ಗಟ್ಟಿಯಾಗಿ ಬದಲಾಯಿಸಿರಲೂಬಹುದು. ಒಂದು ಗುರುತು ನೋಡಿ ತೀರ್ಮಾನ ಮಾಡಬೇಡಿ, ನಾಲ್ಕೈದು ಗುರುತು ಒಂದೇ ಮಾತು ಹೇಳುತ್ತಿವೆಯಾ ನೋಡಿ.

ಮೀಟರ್ ನಿಜವಾಗಿ ಕಡಿಮೆ ಇದ್ದರೂ ಗಾಡಿ ಚೆನ್ನಾಗಿದೆ ಅಂತಲ್ಲ. ಶೆಡ್‌ನಲ್ಲಿ ನಿಂತ ಗಾಡಿಯ ವೈರ್‌ಗಳನ್ನು ಇಲಿ ಕಡಿದಿರುತ್ತದೆ. ಬುಷ್‌ಗಳು ಒಣಗಿ ಸೀಳಿರುತ್ತವೆ. ವರ್ಷಕ್ಕೊಮ್ಮೆ ಬದಲಾಗಬೇಕಾದ ಆಯಿಲ್ "ಓಡೇ ಇಲ್ವಲ್ಲ" ಅಂತ ಹಾಗೇ ಉಳಿದಿರುತ್ತದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ, ಉದಾಹರಣೆಗೆ ಡಸ್ಟರ್ ಡೀಸೆಲ್, ಆ ಬೆಲ್ಟಿಗೆ ಕಿಲೋಮೀಟರ್ ಜೊತೆ ವರ್ಷದ ಲೆಕ್ಕವೂ ಇದೆ. ಅದು ಓಡುವಾಗ ತುಂಡಾದರೆ ಇಂಜಿನ್ನೇ ಹಾಳಾಗಬಹುದು. ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ಅಂದುಕೊಂಡು ಬೆಲೆ ಮಾತಾಡಿ. ನಮ್ಮ ಉದಾಹರಣೆಯ ಡಿಸೈರ್ ಡೀಸೆಲ್‌ನಲ್ಲಿ, ಮಾರುತಿಯ ಕೆ ಸರಣಿಯ ಪೆಟ್ರೋಲ್ ಇಂಜಿನ್‌ಗಳಲ್ಲಿ ಇರುವುದು ಚೈನ್. ಅದಕ್ಕೆ ಈ ಚಿಂತೆ ಕಡಿಮೆ. ಆದರೆ ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ತಕ್ಷಣ ಗಲಗಲ ಸದ್ದು ಬಂದರೆ ಮೆಕ್ಯಾನಿಕ್‌ಗೆ ಕೇಳಿಸಿ.

ರೇಡಿಯೇಟರ್ ಮುಚ್ಚಳ ತೆಗೆಸಿ ನೋಡಿ

ಬೇರೆ ಊರಿನವರಿಗೆ ಇದು ಹತ್ತರಲ್ಲಿ ಒಂದು ಪರೀಕ್ಷೆ. ಕೋಲಾರದವರಿಗೆ ಇದು ಮೊದಲನೆಯದು. ನಮ್ಮ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಆ ನೀರಿನಲ್ಲಿ ಸುಣ್ಣದಂಶ ಜಾಸ್ತಿ. ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಹೊಟ್ಟು ಕಟ್ಟುತ್ತದಲ್ಲ, ಅದೇ ಹೊಟ್ಟು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟ್ ಕಡಿಮೆಯಾದಾಗ ಬಾಟಲಿ ನೀರು, ನಲ್ಲಿ ನೀರು ಅಂತ ಸುರಿದುಕೊಂಡು ಬಂದ ಗಾಡಿಗಳು ಇಲ್ಲಿ ಬೇಕಾದಷ್ಟಿವೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಏಸಿ ಹಾಕಿ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಆಮೇಲೆ ಇಂಜಿನ್ ಒಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಅಲ್ಲಿಗೆ ದೊಡ್ಡ ಖರ್ಚಿನ ಬಾಗಿಲು ತೆರೆದ ಹಾಗೆಯೇ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಸಿ. ಬಿಸಿ ಇದ್ದಾಗ ತೆಗೆದರೆ ಕುದಿಯುವ ನೀರು ಮೈಮೇಲೆ ಚಿಮ್ಮುತ್ತದೆ. ಒಳಗಿನ ನೀರಿಗೆ ಹಸಿರು, ಕೆಂಪು, ನೀಲಿ ಹೀಗೆ ಕೂಲೆಂಟ್ ಬಣ್ಣ ಇರಬೇಕು. ಬರೀ ನೀರಿನ ಬಣ್ಣ ಇದ್ದರೆ, ತುಕ್ಕಿನ ಕಂದು ಬಣ್ಣ ಇದ್ದರೆ, ಬಾಯಿಯ ಸುತ್ತ ಬಿಳಿ ಹೊಟ್ಟು ಕಟ್ಟಿದ್ದರೆ ನಲ್ಲಿ ನೀರು ಹಾಕಿದ್ದಾರೆ ಅಂತ ಅರ್ಥ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲು ಬೆರೆಸಿದಂಥ ಜಿಡ್ಡು ದಂಡಿಯಾಗಿ ಕಂಡರೆ ಆಯಿಲ್ ಜೊತೆ ನೀರು ಸೇರಿರಬಹುದು. ಏಸಿ ಹಾಕಿಕೊಂಡು ಅರ್ಧ ಗಂಟೆಯಾದರೂ ಓಡಿಸಿ, ಆಮೇಲೆ ನಿಲ್ಲಿಸಿ ಇಂಜಿನ್ ಆನ್ ಇಟ್ಟು ಟೆಂಪರೇಚರ್ ನೋಡಿ. ಬಾನೆಟ್ ಮುಟ್ಟಿದಾಗ ಮೊದಲೇ ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ, ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ ಬನ್ನಿ.

ಹೊಗೆಯನ್ನೂ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು.

ತೋಟದ ಮನೆಗಳ ಗಾಡಿಯಾದರೆ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಟೊಮೆಟೊ ಬಾಕ್ಸ್, ಗೊಬ್ಬರದ ಮೂಟೆ ಹೊತ್ತ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗ್ ಕುಸಿದಿರುತ್ತದೆ, ಗೊಬ್ಬರ ಬಿದ್ದ ಕಡೆ ತುಕ್ಕು ಹಿಡಿದಿರುತ್ತದೆ.

ಈಗ ಮೂರು ಗಾಡಿಯನ್ನೂ ತೂಗೋಣ

ಕೊಂಡ ಮೊದಲ ವರ್ಷದಲ್ಲಿ ಬರುವ ಖರ್ಚನ್ನು ಬೆಲೆಗೆ ಸೇರಿಸಿ ನೋಡಿ. ಸಣ್ಣ ಕಾರಿಗೆ ನಾಲ್ಕು ಟಯರ್ ಅಂದರೆ ಸುಮಾರು 15ರಿಂದ 20 ಸಾವಿರ. ಕ್ಲಚ್ ಸೆಟ್ ಕೂಲಿ ಸೇರಿ ಹತ್ತು ಸಾವಿರದ ಆಸುಪಾಸು. ಬ್ಯಾಟರಿ ನಾಲ್ಕೈದು ಸಾವಿರ. ಸಸ್ಪೆನ್ಷನ್ ಪೂರ್ತಿ ಮಾಡಿಸಿದರೆ ಇನ್ನೊಂದು 15, 20 ಸಾವಿರ. ಬಿಲ್ ಇಲ್ಲದ ವ್ಯಾಗನ್‌ಆರ್‌ಗೆ ಇವೆಲ್ಲವೂ ಬರಬಹುದು ಅಂತಲೇ ಅಂದುಕೊಳ್ಳಬೇಕು. ಬಿಲ್ ಇರುವ ಡಿಸೈರ್‌ನಲ್ಲಿ ಕ್ಲಚ್ ಯಾವಾಗ ಬದಲಾಗಿದೆ, ಟಯರ್ ಯಾವಾಗ ಹಾಕಿದ್ದಾರೆ ಎಲ್ಲ ಗೊತ್ತು. ಹೆದ್ದಾರಿಯಲ್ಲಿ ಒಂದೇ ಸಮ ಓಡಿದ 1,30,000 ಕಿ.ಮೀ ಇಂಜಿನ್‌ಗೆ ಅಷ್ಟು ಭಾರವಲ್ಲ. ಊರೊಳಗೆ ಮೊದಲ ಗೇರ್, ಎರಡನೇ ಗೇರ್‌ನಲ್ಲಿ ತೆವಳಿದ 60,000 ಅದಕ್ಕಿಂತ ಭಾರ.

ಹಾಗಾಗಿ ತಿಂಗಳಿಗೆ 1,500 ಕಿ.ಮೀ ಓಡಿಸುವವರು ಇದ್ದರೆ ನಾನು ಡಿಸೈರ್ ತಗೊಳ್ಳಿ ಅಂತ ಹೇಳುತ್ತೇನೆ, ಮೆಕ್ಯಾನಿಕ್ ಇಂಜೆಕ್ಟರ್, ಟರ್ಬೋ ನೋಡಿ ಸರಿ ಅಂದ ಮೇಲೆ. ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ನಿಲ್ಲಿಸಿದೆ, ಆದರೆ ಆ 1.3 ಲೀಟರ್ ಇಂಜಿನ್ ಎಷ್ಟೋ ಗಾಡಿಗಳಲ್ಲಿ ಬಂದಿರುವುದರಿಂದ ಕೆಲಸ ಬಲ್ಲವರು ಸಿಗುತ್ತಾರೆ. ತಿಂಗಳಿಗೆ 500 ಓಡಿಸುವವರಿಗೆ ಮೂರರಲ್ಲಿ ಯಾವುದೂ ಬೇಡ. ಬಿಲ್ ಇರುವ, 70 ಅಥವಾ 80 ಸಾವಿರ ಓಡಿದ ಪೆಟ್ರೋಲ್ ಗಾಡಿ ಹುಡುಕಿ, ಸ್ವಲ್ಪ ತಡವಾದರೂ ಪರವಾಗಿಲ್ಲ.

ಮೂರನೆಯದು, ತಮಿಳುನಾಡು ಗಾಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ಆಮೇಲೆ ಕೆಎ-07 ಅಥವಾ ಕೆಎ-08 ನಂಬರ್ ಸಿಗುತ್ತದೆ. ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿ ಬೆಲೆಗೆ ಸೇರಿಸಿದರೆ ಆ ಅಗ್ಗದ ಬೆಲೆ ಹೆಚ್ಚಾಗಿ ಉಳಿಯುವುದಿಲ್ಲ. ನಾವಿರುವುದು ಬೆಂಗಳೂರು ಚೆನ್ನೈ ನಡುವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ, 2015 ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ಸೀಟಿನ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು, ಕಾರ್ಪೆಟ್ ಕೆಳಗೆ ಮಣ್ಣು, ಮುಗ್ಗಲು ವಾಸನೆ ಮುಚ್ಚಲು ಹಾಕಿದ ಜೋರು ಪರ್ಫ್ಯೂಮ್ ಕಂಡರೆ ಅಲ್ಲಿಂದ ಎದ್ದು ಬನ್ನಿ.

ಯೆಲ್ಲೋ ಬೋರ್ಡ್‌ನಿಂದ ವೈಟ್ ಬೋರ್ಡ್‌ಗೆ ಬದಲಾದ ಗಾಡಿ ಕೂಡ ಮಾರಾಟಕ್ಕೆ ಬರುತ್ತದೆ. ಬೆಲೆ ಟ್ಯಾಕ್ಸಿಯ ಬೆಲೆಯಾಗಿದ್ದರೆ ಯೋಚಿಸಬಹುದು. ಮನೆ ಗಾಡಿಯ ಬೆಲೆ ಹೇಳಿದರೆ ಬೇಡ.

ಕಾಗದ, ಮತ್ತೆ ಮೊದಲ ವಾರ

ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಆರ್‌ಸಿ ಎಲ್ಲಿವರೆಗೆ ಇದೆ, ಇನ್ಶೂರೆನ್ಸ್ ಇದೆಯಾ, ದಂಡ ಬಾಕಿ ಇದೆಯಾ ನೋಡಿ. ಆರ್‌ಸಿ 15 ವರ್ಷಕ್ಕೆ ಇರುತ್ತದೆ. 2012ರ ಗಾಡಿ ಅಂದರೆ 2027ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ನಿಮ್ಮ ಹೆಸರಿಗೆ ಟ್ರಾನ್ಸ್‌ಫರ್ ಆಗುವವರೆಗೆ ಬೆನ್ನು ಬಿಡಬೇಡಿ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಿ. ಹಳೆ ಓನರ್‌ನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರದೇ, ನಿಮಗೆ ಬರುವುದಿಲ್ಲ. ಆ ವ್ಯತ್ಯಾಸದ ದುಡ್ಡನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಗಾಡಿ ಮನೆಗೆ ಬಂದ ಮೊದಲ ವಾರದಲ್ಲೇ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್ ಬದಲಾಯಿಸಿ. ರೇಡಿಯೇಟರ್ ಫ್ಲಶ್ ಮಾಡಿಸಿ ಹೊಸ ಕೂಲೆಂಟ್ ಹಾಕಿಸಿ. ಬೆರೆಸಲು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರನ್ನೇ ಕೊಡಿ, ಗ್ಯಾರೇಜ್‌ನ ನಲ್ಲಿ ನೀರು ಬೇಡ ಅಂತ ನಿಂತು ಹೇಳಿ. ಆಮೇಲೆ ಒಂದೇ ಪಂಪ್‌ನಲ್ಲಿ ಮೂರು ಸಲ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿ, ಬಿಲ್ ಹಿಂದೆ ಕಿಲೋಮೀಟರ್ ಬರೆದಿಡಿ. ಅದೇ ನಿಮ್ಮ ಗಾಡಿಯ ಮೈಲೇಜ್. ಮುಂದೆ ಯಾವತ್ತಾದರೂ ಅದಕ್ಕಿಂತ ಎರಡು ಕಿ.ಮೀ ಇಳಿದರೆ ಮೊದಲು ಟಯರ್ ಗಾಳಿ ನೋಡಿ, ಆಮೇಲೆ ಏರ್ ಫಿಲ್ಟರ್, ಆಮೇಲೆ ಬ್ರೇಕ್.